ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳ ರಸ್ತೆ ಬಳಕೆ ಶುಲ್ಕ (ಕರ್ನಾಟಕ)

ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳ ರಸ್ತೆ ಬಳಕೆ ಶುಲ್ಕ ಎಂಬುದು ಇಂಧನದ ಮೇಲಿನ ತೆರಿಗೆಯನ್ನು ತೆರದೆ, ಅಥವಾ ಕಡಿಮೆ ತೆತ್ತು, ರಸ್ತೆಯನ್ನು ಬಳಸುವ ವಾಹನಗಳಿಂದ ರಸ್ತೆಯ ನಿರ್ಮಾಣ ಹಾಗೂ ನಿರ್ವಹಣೆಯ ವೆಚ್ಚಕ್ಕಾಗಿ ಸಂಗ್ರಹಿಸುವ ಮೊತ್ತವಾಗಿದೆ. ಕೆಲವು ದೇಶಗಳಲ್ಲಿ ಇದನ್ನು ವಾಹನವು ಕ್ರಮಿಸಿದ ದೂರದ ಲೆಕ್ಕದಲ್ಲಿಯೂ ಇನ್ನು ಕೆಲವೆಡೆ ವಾರ್ಷಿಕ ಶುಲ್ಕವಾಗಿಯೂ ವಿಧಿಸಲಾಗುತ್ತದೆ. ಕರ್ನಾಟಕದಲ್ಲಿ ವಾಹನ ಮಾಲೀಕರು ರಸ್ತೆಗಾಗಿ ತೆರುವ ಹಣವು ಮುಖ್ಯವಾಗಿ ಜೀವಾವಧಿ ತೆರಿಗೆ, ಇಂಧನದ ಮಾರಾಟ ತೆರಿಗೆ ಮತ್ತು ಹೆದ್ದಾರಿಯ ಟೋಲ್ ರೂಪದಲ್ಲಿ ಸಂದಾಯವಾಗುತ್ತದೆ.

ಹಿನ್ನೆಲೆ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 57ನೆಯ ನಮೂದು ವಾಹನಗಳ ಮೇಲಿನ ತೆರಿಗೆಗೆ, 59ನೆಯ ನಮೂದು ಟೋಲ್‌ಗೆ ಸಂಬಂಧಿಸಿವೆ. ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರ ಪಟ್ಟಿಗೆ ಸೇರಿವೆ. ರಾಜ್ಯದಲ್ಲಿ ಮೋಟಾರು ವಾಹನಗಳ ಮೇಲೆ ತೆರಿಗೆ ವಿಧಿಸುವುದು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ.

ಈ ತೆರಿಗೆಯನ್ನು ಜನರು ಸಾಮಾನ್ಯವಾಗಿ ‘ರಸ್ತೆ ತೆರಿಗೆ’ ಎಂದೇ ಕರೆಯುತ್ತಾರೆ. ಆದರೆ ಅದರ ಮೊತ್ತ ನಿರ್ಧಾರವಾಗುವುದು ರಸ್ತೆಯ ಬಳಕೆಯಿಂದಲ್ಲ, ವಾಹನದ ಬೆಲೆಯಿಂದ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡುವ ಕಾರಿಗೂ ಮೂವತ್ತು ಸಾವಿರ ಕಿಲೋಮೀಟರ್ ಓಡುವ ಅದೇ ಬೆಲೆಯ ಕಾರಿಗೂ ಜೀವಾವಧಿ ತೆರಿಗೆ ಒಂದೇ. ಬಳಕೆಗೆ ತಕ್ಕಂತೆ ಏರಿಳಿಯುವುದು ಇಂಧನದ ಮೇಲಿನ ತೆರಿಗೆ. 2024ರ ಜೂನ್ 15ರಿಂದ ರಾಜ್ಯವು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಹೆಚ್ಚಿಸಿತು. ಹೆಚ್ಚು ಓಡಿಸುವವರು ಹೆಚ್ಚು ತೆರುವ ಈ ಕ್ರಮದಿಂದ ವಿದ್ಯುತ್ ವಾಹನಗಳು ಪೂರ್ಣವಾಗಿ ಹೊರಗುಳಿಯುತ್ತವೆ. ಬಳಕೆ ಶುಲ್ಕದ ಪ್ರಶ್ನೆ ಹುಟ್ಟುವುದೇ ಇಲ್ಲಿ.

ವಾಹನ ತೆರಿಗೆಯು ರಸ್ತೆ ಸೌಲಭ್ಯಕ್ಕೆ ನೀಡುವ ಪರಿಹಾರಾತ್ಮಕ ತೆರಿಗೆ ಎಂಬ ವಾದಕ್ಕೆ 1962ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮನ್ನಣೆ ದೊರೆತಿತ್ತು. 2016ರ ನವೆಂಬರ್‌ನಲ್ಲಿ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ಸಿದ್ಧಾಂತವನ್ನು ಕೈಬಿಟ್ಟಿತು.

ವಿನಾಯಿತಿ ಮತ್ತು 2024ರ ತಿದ್ದುಪಡಿ

ಕರ್ನಾಟಕವು 2016ರಲ್ಲಿ ವಿದ್ಯುತ್ ವಾಹನಗಳಿಗೆ ಮೋಟಾರು ವಾಹನ ತೆರಿಗೆಯಿಂದ ಪೂರ್ಣ ವಿನಾಯಿತಿ ನೀಡಿತು. 2017ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹ ನೀತಿಯನ್ನು ಪ್ರಕಟಿಸಿ, ಇಂತಹ ನೀತಿಯನ್ನು ತಂದ ದೇಶದ ಮೊದಲ ರಾಜ್ಯವೆನಿಸಿತು. ಕೇಂದ್ರ ಸರ್ಕಾರವು 2019ರ ಆಗಸ್ಟ್ 1ರಿಂದ ಈ ವಾಹನಗಳ ಸರಕು ಮತ್ತು ಸೇವಾ ತೆರಿಗೆಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿತು. 2021ರ ಆಗಸ್ಟ್‌ನಲ್ಲಿ ಬ್ಯಾಟರಿಚಾಲಿತ ವಾಹನಗಳ ನೋಂದಣಿ ಪತ್ರದ ಶುಲ್ಕವನ್ನೂ ಮನ್ನಾ ಮಾಡಿತು.

2024ರ ಮಾರ್ಚ್‌ನಲ್ಲಿ ತೆರಿಗೆ ಅಧಿನಿಯಮಕ್ಕೆ ತಿದ್ದುಪಡಿ ತಂದು, 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಜೀವಾವಧಿ ತೆರಿಗೆಯನ್ನು ವಿಧಿಸಲಾಯಿತು. ಅಷ್ಟೇ ಬೆಲೆಯ ಪೆಟ್ರೋಲ್ ಕಾರಿನ ದರ ಶೇ 18. ಹೀಗಾಗಿ 30 ಲಕ್ಷ ರೂಪಾಯಿಯ ಕಾರಿಗೆ, ಉಪಕರವನ್ನು ಬಿಟ್ಟು, ವಿದ್ಯುತ್ ಮಾದರಿಯಾದರೆ 3 ಲಕ್ಷ, ಪೆಟ್ರೋಲ್ ಮಾದರಿಯಾದರೆ 5.4 ಲಕ್ಷ ರೂಪಾಯಿ ತೆರಿಗೆ ಬೀಳುತ್ತದೆ.

ಈ ತಿದ್ದುಪಡಿಯ ಮಿತಿಯಲ್ಲಿ ಒಂದು ವೈಷಮ್ಯ ಉಳಿದುಕೊಂಡಿತು. 50 ಸಾವಿರದಿಂದ 1 ಲಕ್ಷ ರೂಪಾಯಿಯೊಳಗಿನ ಪೆಟ್ರೋಲ್ ದ್ವಿಚಕ್ರ ವಾಹನದ ಜೀವಾವಧಿ ತೆರಿಗೆ ಶೇ 12. ಅಂದರೆ 90 ಸಾವಿರ ರೂಪಾಯಿಯ ಬೈಕಿನ ಮಾಲೀಕರು 10,800 ರೂಪಾಯಿ ತೆರಿಗೆ ಕಟ್ಟಿ, ಬಳಿಕ ಪ್ರತಿ ಲೀಟರ್ ಪೆಟ್ರೋಲ್‌ಗೂ ತೆರಿಗೆ ತೆರುತ್ತಾರೆ. 24 ಲಕ್ಷ ರೂಪಾಯಿಯ ವಿದ್ಯುತ್ ಕಾರಿನ ಮಾಲೀಕರಿಗೆ 2024ರ ತಿದ್ದುಪಡಿಯಂತೆ ಈ ಎರಡೂ ಇಲ್ಲ. ಶುದ್ಧ ವಾಹನಗಳಿಗೆ ಉತ್ತೇಜನ ನೀಡುವ ಉದ್ದೇಶ ಒಪ್ಪತಕ್ಕದ್ದೇ ಆದರೂ ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ವಿದ್ಯುತ್ ವಾಹನಗಳ ಮಾಲೀಕರು ವಿದ್ಯುತ್ ಬಳಕೆಯ ಮೇಲಿನ ತೆರಿಗೆಯನ್ನು ತೆರುತ್ತಾರಾದರೂ ಅದು ರಸ್ತೆಗೆಂದು ವಿಧಿಸಿದ್ದಲ್ಲ. ಮನೆಯ ದೀಪಕ್ಕೂ ಅದೇ ತೆರಿಗೆ ಅನ್ವಯಿಸುತ್ತದೆ.

ಹೈಬ್ರಿಡ್ ವಾಹನಗಳು

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊಂದಿರುವ ಹೈಬ್ರಿಡ್ ವಾಹನಗಳಿಗೆ ಕರ್ನಾಟಕದ 2016ರ ವಿನಾಯಿತಿ ಅನ್ವಯಿಸಲಿಲ್ಲ. ಇವುಗಳ ಮಾಲೀಕರು ಜೀವಾವಧಿ ತೆರಿಗೆಯ ಜೊತೆಗೆ ಇಂಧನ ತೆರಿಗೆಯನ್ನೂ ತೆರುತ್ತಾರೆ. ಮೈಲೇಜ್ ಹೆಚ್ಚಿರುವಷ್ಟು ಮಟ್ಟಿಗೆ ಎರಡನೆಯದು ಕಡಿಮೆಯಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಸಾವಿರ ಕಿಲೋಮೀಟರಿಗೆ ಸುಮಾರು 67 ಲೀಟರ್ ಬೇಕಾದರೆ, 25 ಕಿಲೋಮೀಟರ್ ಓಡುವ ಹೈಬ್ರಿಡ್‌ಗೆ 40 ಲೀಟರ್ ಸಾಕು. ಉತ್ತರ ಪ್ರದೇಶವು 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ರಸ್ತೆ ತೆರಿಗೆಯನ್ನು ಮನ್ನಾ ಮಾಡಿತು.

ಟೋಲ್

ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008 ವಾಹನದ ವರ್ಗವನ್ನು ನೋಡುತ್ತವೆಯೇ ಹೊರತು ಅದರ ಇಂಧನವನ್ನಲ್ಲ. ಆದ್ದರಿಂದ ಹಸಿರು ಫಲಕದ ವಿದ್ಯುತ್ ಕಾರಿಗೂ ಪೆಟ್ರೋಲ್ ಕಾರಿನಷ್ಟೇ ಟೋಲ್. ಮಹಾರಾಷ್ಟ್ರವು 2025ರ ಆಗಸ್ಟ್‌ನಲ್ಲಿ ಅಟಲ್ ಸೇತು, ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಹಾಗೂ ಸಮೃದ್ಧಿ ಮಹಾಮಾರ್ಗದಲ್ಲಿ ವಿದ್ಯುತ್ ಕಾರುಗಳಿಗೆ ಟೋಲ್ ವಿನಾಯಿತಿ ನೀಡಿತು.

ಗದಗ ಜಿಲ್ಲೆಯಲ್ಲಿ

ರಾಜೂರ, ಗಜೇಂದ್ರಗಡ, ರೋಣ ಮತ್ತು ನರಗುಂದ ಭಾಗಗಳು ಗದಗ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಗೆ ಸೇರಿದ್ದು, ಇಲ್ಲಿನ ವಾಹನಗಳು ಕೆಎ–26 ಸಂಖ್ಯೆಯನ್ನು ಹೊಂದಿರುತ್ತವೆ. ವಿದ್ಯುತ್ ಪೂರೈಕೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ನರಗುಂದವು ವಿಜಯಪುರ–ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿ 52ರ ಮೇಲಿದೆ. ರಾಜೂರದಂತಹ ಹಳ್ಳಿಗಳ ನಿತ್ಯದ ಓಡಾಟವಾದರೋ ಟೋಲ್ ಇಲ್ಲದ ಗ್ರಾಮೀಣ ಮತ್ತು ಜಿಲ್ಲಾ ರಸ್ತೆಗಳಲ್ಲಿ ನಡೆಯುತ್ತದೆ. ಇಂತಹ ರಸ್ತೆಗಳ ದುರಸ್ತಿಗೆ ಸರ್ಕಾರದ ಸಾಮಾನ್ಯ ವರಮಾನವೇ ಆಧಾರವಾದುದರಿಂದ ಇಂಧನ ತೆರಿಗೆಯ ಇಳಿಕೆ ಟೋಲ್ ಹೆದ್ದಾರಿಗಳಿಗಿಂತ ಇವುಗಳನ್ನೇ ಮೊದಲು ತಟ್ಟುವ ಸಂಭವವಿದೆ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ವಿದ್ಯುತ್ ಸ್ಕೂಟರ್‌ಗಳಿಗೆ ನೋಂದಣಿಯೇ ಬೇಕಿಲ್ಲ.

ಇತರ ದೇಶಗಳಲ್ಲಿ

ನ್ಯೂಜಿಲೆಂಡ್ 2024ರ ಏಪ್ರಿಲ್ 1ರಿಂದ ಹಗುರ ವಿದ್ಯುತ್ ವಾಹನಗಳಿಗೆ ಸಾವಿರ ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರ್, ಪ್ಲಗ್-ಇನ್ ಹೈಬ್ರಿಡ್‌ಗಳಿಗೆ 38 ಡಾಲರ್ ಶುಲ್ಕವನ್ನು ಜಾರಿಗೆ ತಂದಿತು. ಹೈಬ್ರಿಡ್‌ಗಳು ಪೆಟ್ರೋಲ್ ಮೇಲೆಯೂ ತೆರಿಗೆ ತೆರುವುದರಿಂದ ಅವುಗಳಿಗೆ ಅರ್ಧ ದರ. ಅಮೆರಿಕದ ಟೆಕ್ಸಾಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದ್ಯುತ್ ವಾಹನಗಳ ನೋಂದಣಿ ನವೀಕರಣಕ್ಕೆ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಶುಲ್ಕವಿದ್ದು, ಅದಕ್ಕೂ ಓಡಿದ ದೂರಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 2021ರಲ್ಲಿ ವಿಧಿಸಿದ ಕಿಲೋಮೀಟರ್ ಶುಲ್ಕವನ್ನು ಅಲ್ಲಿನ ಹೈಕೋರ್ಟ್ 2023ರ ಅಕ್ಟೋಬರ್ 18ರಂದು ರದ್ದುಪಡಿಸಿತು. ಅಂತಹ ತೆರಿಗೆ ವಿಧಿಸುವ ಅಧಿಕಾರ ಅಲ್ಲಿ ಒಕ್ಕೂಟ ಸರ್ಕಾರಕ್ಕೆ ಮಾತ್ರ ಇದೆ.