ಮಳೆಗೆ ಮುಂಚೆ ಮಾಡು: ಕರಾವಳಿಯ ಮನೆಗಳು ಒಣಗಿದ ಕಥೆ

ಹೊಸ ಫ್ಲ್ಯಾಟ್‌ಗೆ ಹೋದ ಆರೇ ತಿಂಗಳಿಗೆ ಗೋಡೆಯ ಪೇಂಟ್ ಉಬ್ಬಿ ಉದುರೋದನ್ನ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಎಲ್ಲರೂ ಮೊದಲು ಬೈಯೋದು ಮಳೆಯನ್ನ. ಆದರೆ ಎಷ್ಟೋ ಸಲ ಆ ನೀರು ಕಟ್ಟುವಾಗಲೇ ಗೋಡೆಯೊಳಗೆ ಸೇರಿಕೊಂಡಿರುತ್ತೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳೋ ಮಂಗಳೂರು ಕಡೆಯವರು ಇದನ್ನ ಹೇಗೆ ನಿಭಾಯಿಸಿದರು? ಇವತ್ತು ನಾನು ಹೇಳೋದು ಆ ಚರಿತ್ರೆ.

ಮೊದಲು ಕಲ್ಲು. ಅಲ್ಲಿನ ಹಳೇ ಮನೆಗಳು ಕೆಂಪು ಮುರಕಲ್ಲಿನವು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನ ಲ್ಯಾಟರೈಟ್ ಅಂತ ಕರೆದ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದ್ರೆ ಇಟ್ಟಿಗೆ. ನೆಲದಲ್ಲಿದ್ದಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ: ಈ ಗುಣವನ್ನ ಅವನು ಗುರುತಿಸಿದ್ದ. ಕಲ್ಲು ಕಡಿಯೋರಿಗೆ ಇದು ಮೊದಲೇ ಗೊತ್ತಿತ್ತು. ಹಸಿ ಕಲ್ಲು ಮೊದಲು ಒಣಗಬೇಕು, ಆಮೇಲೆ ಗೋಡೆ.

ಎರಡನೆಯದು ಕಾಲ. ಮಣ್ಣಿನ ಗಾರೆಯ ಗೋಡೆ ಬಟ್ಟಬಯಲಲ್ಲಿ ಮಳೆಗೆ ಸಿಕ್ಕರೆ ಉಳಿಯಲ್ಲ. ತುಳುನಾಡಲ್ಲಿ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮನೆ ಕಟ್ಟೋರಿಗೂ ಗಡುವು ಹೆಚ್ಚುಕಮ್ಮಿ ಅದೇ: ಅಷ್ಟರೊಳಗೆ ಮಾಡು ಏರಬೇಕು. ಆಗಲಿಲ್ಲವಾ, ಗೋಡೆಯ ತಲೆಗೆ ತೆಂಗಿನ ಮಡಲು ಹೊದಿಸಿ ಕಾಯಬೇಕು.

ಮೂರನೆಯದು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಆ ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತೆ. ಪಕ್ಕಾಸು, ರೀಪಿನ ಮೇಲೆ ಗಾರೆ ಇಲ್ಲದೆ ಜೋಡಿಸಬಹುದು. ಅಂದ್ರೆ ಮಾಡು ಏರಿಸೋ ಕೆಲಸ ಮನೆಗೆ ಹೊಸ ನೀರು ತರಲ್ಲ. ನೆಲ, ಸಾರಣೆ ಎಲ್ಲ ಅದರ ಕೆಳಗೆ ನಿಧಾನಕ್ಕೆ ಆಗಬಹುದು.

ಕಾಂಕ್ರೀಟ್ ತಾರಸಿ ಬಂದ ಮೇಲೆ ಲೆಕ್ಕ ಬದಲಾಯ್ತು. ಈಗ ಮಾಡೇ ಹಸಿ ಕೆಲಸ. ಸಿಮೆಂಟು ಗಟ್ಟಿಯಾಗೋಕೆ ನೀರು ಬೇಕೇ ಬೇಕು, ಕ್ಯೂರಿಂಗ್ ತಪ್ಪಿಸೋ ಹಾಗಿಲ್ಲ. ಆದರೆ ಕ್ಯೂರಿಂಗ್ ಮುಗಿದ ದಿನವೇ ಗೋಡೆ ಒಣಗಿರಲ್ಲ. ಕೀ ಕೊಡೋ ಗಡುವಿಗೆ ಹೆದರಿ ಅದರ ಮೇಲೆ ಪುಟ್ಟಿ, ಪೇಂಟ್ ಬಳಿದರೆ ನೀರು ಒಳಗೇ ಬಂದಿ. ಮುಂದೆ ಅದೇ ಬೂಷ್ಟು. ಉಬ್ಬಸ ಇರೋ ಮಗು ಮಲಗೋದೂ ಅದೇ ಕೋಣೆಯಲ್ಲಿ.

ನನ್ನ ಪ್ರಕಾರ ಹಳಬರ ನಿಜವಾದ ರಕ್ಷಣೆ ಕಲ್ಲೂ ಅಲ್ಲ, ಹಂಚೂ ಅಲ್ಲ. ಒಣಗೋಕೆ ಬಿಟ್ಟ ಸಮಯ. ಹಾಗಾಗಿ ಮನೆ ನೋಡೋಕೆ ಹೋದಾಗ ಕೀ ಯಾವಾಗ ಅಂತ ಮಾತ್ರ ಕೇಳಬೇಡಿ. ಸಾರಣೆ ಯಾವ ತಿಂಗಳಲ್ಲಿ ಆಯ್ತು, ಪೇಂಟ್‌ಗೆ ಮುಂಚೆ ಎಷ್ಟು ದಿನ ಒಣಗಿಸಿದಿರಿ ಅಂತಲೂ ಕೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.