ಅವ್ವ ಕೇಳಿದ ಎಣ್ಣಿ ಲೆಕ್ಕ

2022ರ ಮಾರ್ಚ್. ಯುಕ್ರೇನಿನಲ್ಲಿ ಯುದ್ಧ ಶುರುವಾಗಿ ಕೆಲವೇ ದಿನಗಳಾಗಿದ್ದವು. ತಾವರಗೇರಾದಿಂದ ಅವ್ವ ಫೋನ್ ಮಾಡಿದಳು. "ಅಲ್ಲೋ, ಯುದ್ಧ ಎಲ್ಲೋ ನಡದೈತಂತ, ಇಲ್ಲಿ ಒಳ್ಳೆಣ್ಣಿ ಪಾಕೀಟು ಯಾಕ ತುಟ್ಟಿ ಆತು?"

ಆಮದು ಎಣ್ಣೆ ಅಂದರೆ ನಾವೆಲ್ಲ ಪೆಟ್ರೋಲಿನ ಬಗ್ಗೆಯೇ ಮಾತಾಡುತ್ತೇವೆ. ಬಾಣಲೆಯಲ್ಲಿರುವ ಎಣ್ಣೆಯೂ ಅರ್ಧಕ್ಕಿಂತ ಹೆಚ್ಚು ಹೊರಗಿನದ್ದೇ ಅನ್ನುವುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಸೂರ್ಯಕಾಂತಿ ಎಣ್ಣೆಯಂತೂ ಆಗ ಬಹುಪಾಲು ಯುಕ್ರೇನಿನಿಂದಲೇ ಬರುತ್ತಿತ್ತು. ಅವ್ವನಿಗೆ ಇಷ್ಟು ಹೇಳಿದೆ. ಅವಳು ಬಿಡಬೇಕಲ್ಲ! "ನಮ್ಮ ಹೊಲದಾಗ ಸೂರ್ಯಪಾನ ಇತ್ತಲ್ಲೋ?"

ಇತ್ತು. ಸೂರ್ಯಕಾಂತಿಗೆ ನಮ್ಮ ಕಡೆ ಸೂರ್ಯಪಾನ ಅಂತಾರೆ. ನಾನು ಚಿಕ್ಕವನಿದ್ದಾಗ ಹೊಲದಲ್ಲಿ ತಗಡು ಬಡಿದು ಗಿಳಿ ಓಡಿಸುವ ಕೆಲಸ ನನ್ನದೇ ಆಗಿತ್ತು (ನನ್ನ ಮೊದಲ ನೌಕರಿ, ಸಂಬಳ ಇಲ್ಲದ್ದು :) ). ಹಾಗಾದರೆ ಅದು ಎಲ್ಲಿಗೆ ಹೋಯಿತು? ಅವತ್ತಿನಿಂದ ಬಿಡುವಾದಾಗಲೆಲ್ಲ ಹುಡುಕಿ ಓದುತ್ತಾ ಬಂದೆ.

ತಮಾಷೆ ನೋಡಿ, ಎಣ್ಣೆಬೀಜದ ಬೆಳೆಯಾಗಿ ಸೂರ್ಯಕಾಂತಿ ನಮ್ಮಲ್ಲಿಗೆ ಬಂದದ್ದೇ 1969ರಲ್ಲಿ, ಸೋವಿಯತ್ ಒಕ್ಕೂಟದಿಂದ! ಅದಕ್ಕೂ ಮೊದಲು ನಮ್ಮ ಸೀಮೆಯ ಎಣ್ಣೆ ಅಂದರೆ ಶೇಂಗಾ, ಕುಸುಬಿ, ಗುರೆಳ್ಳು. ಹೊಸ ಬೆಳೆ ಮೂರು ತಿಂಗಳಲ್ಲಿ ಕೈಗೆ ಬರುತ್ತಿತ್ತು, ಯಾವ ಹಂಗಾಮಿಗೂ ಹೊಂದುತ್ತಿತ್ತು. ಆದರೆ ಆ ತಳಿಗಳಲ್ಲಿ ಜೇನ್ನೊಣ ಸಾಕಷ್ಟು ಬಾರದಿದ್ದರೆ ಕಾಳು ಜೊಳ್ಳಾಗುತ್ತಿತ್ತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಎಂಬ ಹೈಬ್ರಿಡ್ ಬಿಡುಗಡೆ ಮಾಡಿತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು. ಆಮೇಲೆ ಬಂದ ಕೆಬಿಎಸ್‌ಎಚ್-1 ಕೂಡ ಅಲ್ಲಿಯದೇ. ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಯಿತು. ಆಗಿನ ರಾಯಚೂರು ಜಿಲ್ಲೆಯ ಎರೆ ಹೊಲಗಳದ್ದು ಅದರಲ್ಲಿ ದೊಡ್ಡ ಪಾಲು (ನಮ್ಮ ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ).

1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರುಮಾಡಿತು. ಬೀಜ, ಬೆಂಬಲ ಬೆಲೆ, ಖರೀದಿ, ಎಣ್ಣೆ ಗಿರಣಿ ಎಲ್ಲವನ್ನೂ ಒಟ್ಟಿಗೆ ನೋಡಿದ್ದು ಅದರ ವಿಶೇಷ. 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ಎಣ್ಣೆಬೀಜದ ಉತ್ಪಾದನೆ ಹತ್ತು ವರ್ಷದಲ್ಲಿ ದುಪ್ಪಟ್ಟಾಯಿತು. 1990ರ ದಶಕದ ಆರಂಭದಲ್ಲಿ ನಮಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಇಲ್ಲಿಯದೇ. ಅಂದರೆ ಈಗ ಕನಸು ಅಂತ ಹೇಳಿಕೊಳ್ಳುವುದನ್ನು ಆಗಲೇ ಮಾಡಿ ಮುಗಿಸಿದ್ದೆವು!

ಕೆಡಿಸಿದ್ದೂ ನಾವೇ. 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಮುಕ್ತ ಮಾಡಿದರು, ಸುಂಕ 65%. ಮರುವರ್ಷ 30%. 1998ರ ಹೊತ್ತಿಗೆ 15%. ಮಲೇಷ್ಯಾ, ಇಂಡೋನೇಷ್ಯಾದ ಅಗ್ಗದ ತಾಳೆ ಎಣ್ಣೆ ಹಡಗು ಹಡಗಾಗಿ ಬಂತು. ಪೇಟೆಯಲ್ಲಿ ಎಣ್ಣೆ ಅಗ್ಗವಾದದ್ದು ಕೊಳ್ಳುವವರಿಗೆ ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಳು ಮಾರುವವನ ರೇಟು ಕುಸಿಯಿತು.

ಅದರ ಜೊತೆಗೆ ರೋಗ. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಯ ನೆಕ್ರೋಸಿಸ್ ಮೊದಲು ಕಾಣಿಸಿಕೊಂಡಿತು. ಆ ವೈರಸ್ ಕಾಂಗ್ರೆಸ್ ಕಸದ ಪರಾಗದಲ್ಲಿ ಅಡಗಿರುತ್ತದೆ, ಥ್ರಿಪ್ಸ್ ನುಸಿ ಅದನ್ನು ಬೆಳೆಗೆ ಹಚ್ಚುತ್ತದೆ. (ಕಾಂಗ್ರೆಸ್ ಕಸವೂ ಹೊರದೇಶದಿಂದ ಬಂದದ್ದೇ, ಅದಕ್ಕೆ ಮಾತ್ರ ಸುಂಕವೇ ಇಲ್ಲ!) 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿ 2020-21ಕ್ಕೆ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಅದರಲ್ಲಿ ನಮ್ಮ ನಾಲ್ಕು ಎಕರೆಯೂ ಸೇರಿದೆ. ಅಪ್ಪ ಬಿಟ್ಟಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ.

2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಆಮದು ಸುಂಕವನ್ನು ಸೊನ್ನೆಯಿಂದ 20%ಗೆ ಏರಿಸಿದರು. ಅಕ್ಟೋಬರಿನಲ್ಲಿ 10,103 ಕೋಟಿ ರೂಪಾಯಿಯ ಹೊಸ ಎಣ್ಣೆಬೀಜ ಮಿಷನ್ ಬಂತು, ಪಟ್ಟಿಯಲ್ಲಿ ಸೂರ್ಯಕಾಂತಿಯೂ ಇತ್ತು. ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿ, ಒಂದೆರಡು ಎಕರೆ ಹಾಕಿ ನೋಡೋಣ ಅಂದೆ.

"ಹಾಕೂಣು. ಗಿಳಿ ಕಾಯಾಕ ನೀ ಬರ್ತೀಯೇನು?" ಅಂತ ನಕ್ಕ. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಡ್ಯೂಟಿ ಮತ್ತ ಇಳಸೂದಿಲ್ಲಂತ ಯಾರರ ಬರದು ಕೊಡ್ತಾರನ?" ಅಂದ.

2025ರ ಮೇ ಕೊನೆಗೆ ಸುಂಕ 10%ಗೆ ಇಳಿಯಿತು. ನಾನು ಹೇಳುವ ಮೊದಲೇ ಅಪ್ಪ ಟಿವಿಯಲ್ಲಿ ನೋಡಿದ್ದ. ಆ ಮುಂಗಾರಿಗೆ ನಾಲ್ಕೂ ಎಕರೆಗೆ ಗೋವಿನಜೋಳ ಬಿತ್ತಿದ.