ಹದಿನೈದೋ ಹದಿನಾರೋ?

ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಡ್ತಿದ್ದರು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದೇ ವೇದವಾಕ್ಯ! ಇಂಥದೇ ಪೇಚಿಗೆ ಸಿಕ್ಕವರು ಸುರೇಂದ್ರನಾಥ ಬ್ಯಾನರ್ಜಿ.

1869ರಲ್ಲಿ ಲಂಡನ್ನಿನಲ್ಲಿ ಐಸಿಎಸ್ ಪರೀಕ್ಷೆ ಪಾಸು ಮಾಡಿದರು. ವಯೋಮಿತಿ 21. ಇವರು ಹುಟ್ಟಿದ್ದು 1848ರ ನವೆಂಬರಿನಲ್ಲಿ, ಅಂದರೆ ಇನ್ನೂ 20. ಆದರೆ 1863ರ ಕಲ್ಕತ್ತಾ ಮೆಟ್ರಿಕ್ ದಾಖಲೆಯಲ್ಲಿ ವಯಸ್ಸು 16 ಎಂದಿತ್ತು. ಹದಿನೈದು ತುಂಬಿ ಹದಿನಾರು ನಡೀತಿದ್ದರೆ ಹದಿನಾರು ಅನ್ನೋದು ನಮ್ಮ ಕಡೆ ರೂಢಿ ತಾನೆ? (ನಮ್ಮಜ್ಜಿ ಈಗಲೂ ಹಾಗೇ ಹೇಳೋದು.) ಕಮಿಷನರುಗಳು ಆ ಹದಿನಾರರಿಂದ ಲೆಕ್ಕ ಹಾಕಿದರು, 21 ದಾಟಿತ್ತು. ಸುಳ್ಳು ವಯಸ್ಸು ಕೊಟ್ಟಿದ್ದೀರಿ ಅಂತ ಹೆಸರು ಹೊಡೆದುಹಾಕಿದರು. ಶ್ರೀಪಾದ ಬಾಬಾಜಿ ಠಾಕೂರರಿಗೂ ಇದೇ ಗತಿಯಾಯಿತು.

ಪರೀಕ್ಷೆ ಬರೆದ ತಲೆಗಿಂತ ಹಳೇ ಕಾಗದದ ಒಂದು ಅಂಕಿ ದೊಡ್ಡದಾಯ್ತು ನೋಡಿ! ಬ್ಯಾನರ್ಜಿ ಸುಮ್ಮನೆ ಕೂರಲಿಲ್ಲ, ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೆಸರು ವಾಪಸ್ ಬಂತು. 1871ರಲ್ಲಿ ಸಿಲ್ಹೆಟ್ಟಿಗೆ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟ್ ಆಗಿ ಹೋದರು.

ಅಂದ ಹಾಗೆ, 1874ರಲ್ಲಿ ಆ ಕೆಲಸದಿಂದ ಅವರನ್ನು ವಜಾ ಮಾಡಿದರು. ಕಾರಣ? ಮೊಕದ್ದಮೆಯೊಂದರ ಕಾಗದಪತ್ರದಲ್ಲಾದ ತಪ್ಪು ನಮೂದು!